ಮಧುಮೇಹವುಳ್ಳವರಲ್ಲಿ ಖಿನ್ನತೆ: ಗುರುತಿಸುವಿಕೆ, ಚಿಕಿತ್ಸೆ ಮತ್ತು ಬಳ್ಳಾರಿ ಜಿಲ್ಲೆಯಲ್ಲಿ ಸೇವೆ ಪಡೆಯುವ ವಿಧಾನ

1. ಪೀಠಿಕೆ

ಮಧುಮೇಹವು ಜೀವನಪರ್ಯಂತ ನಿಗಾ ಬೇಡುವ ಕಾಯಿಲೆಯಾಗಿರುತ್ತದೆ. ಪ್ರತಿದಿನ ಮಾತ್ರೆ ಅಥವಾ ಇನ್ಸುಲಿನ್, ಊಟದಲ್ಲಿ ಪಥ್ಯ, ಕಾಲಕಾಲಕ್ಕೆ ರಕ್ತಪರೀಕ್ಷೆ, ಪಾದ ಮತ್ತು ಕಣ್ಣುಗಳ ತಪಾಸಣೆ ಇವೆಲ್ಲವನ್ನೂ ರೋಗಿಯೇ ಮುಂದೆ ನಿಂತು ನಡೆಸಿಕೊಂಡು ಹೋಗಬೇಕಾಗುತ್ತದೆ. ಮನಸ್ಸು ಕುಗ್ಗಿದಾಗ ಮೊದಲು ಕೈಬಿಟ್ಟುಹೋಗುವುದು ಈ ನಿತ್ಯದ ಕ್ರಮವೇ ಆಗಿದೆ. ಆದುದರಿಂದ ಮಧುಮೇಹವುಳ್ಳವರಲ್ಲಿ ಕಂಡುಬರುವ ಖಿನ್ನತೆಯನ್ನು ಕೇವಲ ಬೇಸರವೆಂದು ಬಿಡದೆ, ಚಿಕಿತ್ಸೆಯಿಂದ ಗುಣವಾಗುವ ಪ್ರತ್ಯೇಕ ಕಾಯಿಲೆಯೆಂದು ಪರಿಗಣಿಸುವುದು ಅವಶ್ಯಕವಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದ್ದು, ಸುಮಾರು 13.6 ಕೋಟಿ ಜನರು ಮಧುಮೇಹಪೂರ್ವ ಸ್ಥಿತಿಯಲ್ಲಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಸುಮಾರು 20 ಜನರಲ್ಲಿ ಒಬ್ಬರು ಜೀವನದ ಯಾವುದಾದರೊಂದು ಕಾಲದಲ್ಲಿ ಖಿನ್ನತೆಗೆ ಒಳಗಾಗಿರುವುದು ತಿಳಿದುಬಂದಿದೆ. ಖಿನ್ನತೆಯಂತಹ ಸಾಮಾನ್ಯ ಮಾನಸಿಕ ಕಾಯಿಲೆಯುಳ್ಳವರಲ್ಲಿ ಹೆಚ್ಚಿನವರು ಯಾವುದೇ ಚಿಕಿತ್ಸೆ ಪಡೆದಿರುವುದಿಲ್ಲ ಎಂಬುದೂ ಅದೇ ಸಮೀಕ್ಷೆಯಿಂದ ವ್ಯಕ್ತವಾಗಿದೆ.

ಬಳ್ಳಾರಿ ನಗರದ ಕೌಲ್ ಬಜಾರ್ ಹಾಗೂ ಇತರೆ ಬಡಾವಣೆಗಳು, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಸಾರ್ವಜನಿಕರು ಈ ವಿಷಯವನ್ನು ತಿಳಿದು, ಸರ್ಕಾರಿ ಆಸ್ಪತ್ರೆಗಳಲ್ಲಿನ ಸೇವೆಯನ್ನು ಸಕಾಲದಲ್ಲಿ ಪಡೆಯಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ಖಿನ್ನತೆ ಎಂದರೇನು?

ನಷ್ಟ, ಸಾವು, ಸಾಲ, ಜಗಳ ಇತ್ಯಾದಿ ಕಾರಣಗಳಿಂದ ಕೆಲವು ದಿನ ದುಃಖವಾಗುವುದು ಸಹಜ. ಅದು ಕಾಯಿಲೆಯಲ್ಲ. ಆದರೆ ಮನಸ್ಸಿನ ಮಂಕುತನ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವ ಸ್ಥಿತಿಯು ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರಗಳ ಕಾಲ ಮುಂದುವರಿದು, ನಿತ್ಯದ ಕೆಲಸಕಾರ್ಯಗಳಿಗೆ ಅಡ್ಡಿಯಾದಲ್ಲಿ ಅದನ್ನು ಖಿನ್ನತೆ ಎಂದು ಶಂಕಿಸಿ ವೈದ್ಯರಲ್ಲಿ ತಪಾಸಣೆ ಮಾಡಿಸಬೇಕಾಗುತ್ತದೆ. ಖಿನ್ನತೆಯು ಮನೋದೌರ್ಬಲ್ಯವಾಗಲೀ, ಸೋಮಾರಿತನವಾಗಲೀ, ದೈವಕೋಪವಾಗಲೀ ಅಲ್ಲ.

ಖಿನ್ನತೆಯ ಮುಖ್ಯ ಲಕ್ಷಣಗಳು ಈ ಕೆಳಕಂಡಂತಿವೆ:

(ಅ) ಸದಾ ಬೇಸರ, ಮಂಕು, ಕಾರಣವಿಲ್ಲದೆ ಅಳು ಬರುವುದು ಅಥವಾ ಸಿಡುಕುತನ.
(ಆ) ಹಿಂದೆ ಇಷ್ಟವಾಗುತ್ತಿದ್ದ ಕೆಲಸ, ಮಾತುಕತೆ, ಹಬ್ಬ, ಮಕ್ಕಳು ಮೊಮ್ಮಕ್ಕಳ ಒಡನಾಟ ಇವುಗಳಲ್ಲಿ ಆಸಕ್ತಿ ಕುಂದುವುದು.
(ಇ) ನಿದ್ರೆ ಬಾರದಿರುವುದು, ಬೆಳಗಿನ ಜಾವ ಬೇಗ ಎಚ್ಚರವಾಗುವುದು ಅಥವಾ ಅತಿಯಾದ ನಿದ್ರೆ.
(ಈ) ಹಸಿವು ಮತ್ತು ದೇಹತೂಕದಲ್ಲಿ ಏರುಪೇರು.
(ಉ) ಸುಸ್ತು, ನಿಶ್ಶಕ್ತಿ, ಮೈಕೈ ನೋವು.
(ಊ) ಗಮನ ಕೇಂದ್ರೀಕರಿಸಲು, ಸಣ್ಣ ತೀರ್ಮಾನ ತೆಗೆದುಕೊಳ್ಳಲು ಕಷ್ಟವಾಗುವುದು.
(ಋ) ತಾನು ಮನೆಗೆ ಹೊರೆ, ತನ್ನಿಂದ ಏನೂ ಆಗದು ಎಂಬ ಭಾವನೆ, ತಪ್ಪಿತಸ್ಥ ಭಾವನೆ.
(ಎ) ಬದುಕು ಸಾಕು ಎಂಬ ಆಲೋಚನೆ.

ಈ ಪೈಕಿ (ಎ) ಲಕ್ಷಣವು ಕಂಡುಬಂದಲ್ಲಿ ಎರಡು ವಾರ ಕಾಯದೆ, ಅದೇ ದಿನ ಸಹಾಯ ಪಡೆಯತಕ್ಕದ್ದು. ವಿವರಗಳಿಗೆ ಕ್ರಮ ಸಂಖ್ಯೆ 11ನ್ನು ನೋಡಬಹುದಾಗಿದೆ.

3. ಮಧುಮೇಹ ಮತ್ತು ಖಿನ್ನತೆಯ ಸಂಬಂಧ

ಈ ಎರಡು ಕಾಯಿಲೆಗಳ ನಂಟನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ. ಇಂಗ್ಲೆಂಡಿನ ವೈದ್ಯರಾದ ಥಾಮಸ್ ವಿಲ್ಲಿಸ್‌ರವರು 17ನೇ ಶತಮಾನದಲ್ಲಿಯೇ ದೀರ್ಘಕಾಲದ ದುಃಖವು ಮಧುಮೇಹಕ್ಕೆ ಕಾರಣವಾಗಬಹುದೆಂದು ಬರೆದಿದ್ದರು. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯಲ್ಲಿ, ಮಧುಮೇಹವಿಲ್ಲದವರಿಗೆ ಹೋಲಿಸಿದಲ್ಲಿ ಮಧುಮೇಹವುಳ್ಳವರಲ್ಲಿ ಖಿನ್ನತೆಯ ಸಂಭವ ಸುಮಾರು ಎರಡು ಪಟ್ಟು ಇರುವುದು ಕಂಡುಬಂದಿತು.

ಸಂಬಂಧವು ಎರಡೂ ಕಡೆಯಿಂದ ಇರುತ್ತದೆ. ಮಧುಮೇಹವುಳ್ಳವರಿಗೆ ಖಿನ್ನತೆ ಬರುವ ಸಾಧ್ಯತೆ ಹೆಚ್ಚಿರುವಂತೆಯೇ, ಖಿನ್ನತೆಯುಳ್ಳವರಿಗೆ ಮುಂದೆ ಎರಡನೇ ವಿಧದ ಮಧುಮೇಹ ಬರುವ ಸಾಧ್ಯತೆಯೂ ಹೆಚ್ಚಿರುತ್ತದೆ. ಇದಕ್ಕೆ ಕಾರಣಗಳನ್ನು ಮೂರು ಭಾಗಗಳಾಗಿ ತಿಳಿಯಬಹುದಾಗಿದೆ.

(ಅ) ದೇಹದ ಕಾರಣಗಳು: ದೀರ್ಘಕಾಲದ ಮಾನಸಿಕ ಒತ್ತಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ಅಡ್ಡಿಯಾಗುತ್ತದೆ. ಇದರಿಂದ ರಕ್ತದ ಸಕ್ಕರೆ ಅಂಶ ಏರುತ್ತದೆ.

(ಆ) ನಡವಳಿಕೆಯ ಕಾರಣಗಳು: ಮನಸ್ಸು ಕುಗ್ಗಿದವರು ಮಾತ್ರೆ ತಪ್ಪಿಸುತ್ತಾರೆ, ನಡಿಗೆ ನಿಲ್ಲಿಸುತ್ತಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ, ಆಸ್ಪತ್ರೆಯ ಮರುಭೇಟಿಗೆ ಹೋಗುವುದಿಲ್ಲ. ಕೆಲವರಲ್ಲಿ ತಂಬಾಕು ಮತ್ತು ಮದ್ಯದ ಬಳಕೆ ಹೆಚ್ಚುತ್ತದೆ.

(ಇ) ಕಾಯಿಲೆಯ ಹೊರೆ: ಪಾದದ ಉರಿ, ವಾಸಿಯಾಗದ ಗಾಯ, ದೃಷ್ಟಿ ಮಂದವಾಗುವುದು, ಮೂತ್ರಪಿಂಡದ ತೊಂದರೆ, ಲೈಂಗಿಕ ದೌರ್ಬಲ್ಯ, ಚಿಕಿತ್ಸೆಯ ವೆಚ್ಚ, ಕೆಲಸಕ್ಕೆ ಹೋಗಲಾಗದಿರುವುದು ಇವು ಮನಸ್ಸನ್ನು ಕುಗ್ಗಿಸುತ್ತವೆ.

ಹೀಗೆ ಸಕ್ಕರೆ ಅಂಶ ಏರಿದಂತೆ ಮನಸ್ಸು ಕುಗ್ಗುವುದು, ಮನಸ್ಸು ಕುಗ್ಗಿದಂತೆ ಸಕ್ಕರೆ ಅಂಶ ಏರುವುದು ಎಂಬ ಸುಳಿಯು ಏರ್ಪಡುತ್ತದೆ. ಎರಡೂ ಕಾಯಿಲೆಗಳಿದ್ದು ಒಂದಕ್ಕೆ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಕಣ್ಣು, ಮೂತ್ರಪಿಂಡ, ನರ ಮತ್ತು ಹೃದಯದ ತೊಂದರೆಗಳ ಅಪಾಯ ಹೆಚ್ಚಿರುತ್ತದೆ.

ಉದಾಹರಣೆಗೆ, ಜೀನ್ಸ್ ಹೊಲಿಗೆಯನ್ನು ಜೀವನೋಪಾಯವಾಗಿ ಮಾಡಿಕೊಂಡಿರುವ ಒಬ್ಬ ದರ್ಜಿಯನ್ನು ಪರಿಗಣಿಸಬಹುದು. ತುಂಡಿನ ಲೆಕ್ಕದಲ್ಲಿ ಕೂಲಿ ಇರುವುದರಿಂದ ಎಂಟು ಹತ್ತು ಗಂಟೆ ಯಂತ್ರದ ಮುಂದೆ ಕೂರಬೇಕಾಗುತ್ತದೆ. ಮಧುಮೇಹದಿಂದ ದೃಷ್ಟಿ ಮಸುಕಾಗಿ, ಪಾದ ಜೋಮು ಹಿಡಿದಾಗ ದಿನದ ತುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ, ಕೂಲಿ ಇಳಿಯುತ್ತದೆ. ಆತ ಮಾತು ಕಡಿಮೆ ಮಾಡಿ, ರಾತ್ರಿ ನಿದ್ರೆಯಿಲ್ಲದೆ, ಇನ್ನು ಔಷಧಿ ಏಕೆ ಎಂದು ಮಾತ್ರೆ ನಿಲ್ಲಿಸುತ್ತಾನೆ. ಮನೆಯವರು ಅದನ್ನು ಮೊಂಡುತನವೆಂದು ಭಾವಿಸುತ್ತಾರೆ. ಮರುಭೇಟಿಯಲ್ಲಿ ಸಕ್ಕರೆ ಅಂಶ ಹೆಚ್ಚಿರುವುದನ್ನು ಕಂಡು ಮಾತ್ರೆಯ ಪ್ರಮಾಣ ಹೆಚ್ಚಿಸಿದರೆ ಸಾಲದು. ಆತ ಮಾತ್ರೆ ನುಂಗುತ್ತಿಲ್ಲ ಏಕೆ ಎಂಬುದನ್ನು ವಿಚಾರಿಸಬೇಕು. ಅದನ್ನು ತಿಳಿಸುವುದು ರೋಗಿಯ ಹಾಗೂ ಮನೆಯವರ ಹೊಣೆಯೂ ಆಗಿದೆ.

4. ಗೊಂದಲಕ್ಕೆ ಎಡೆಮಾಡುವ ಸ್ಥಿತಿಗಳು

ಸುಸ್ತು, ನಿದ್ರಾಭಂಗ, ತೂಕ ಇಳಿಕೆ ಇವು ಮಧುಮೇಹದಲ್ಲಿಯೂ ಖಿನ್ನತೆಯಲ್ಲಿಯೂ ಕಂಡುಬರುತ್ತವೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದರಿಂದಲೂ ನಿದ್ರೆ ಕೆಡುತ್ತದೆ. ಆದಕಾರಣ ಖಿನ್ನತೆ ಎಂದು ತೀರ್ಮಾನಿಸುವ ಮುನ್ನ ವೈದ್ಯರು ಕೆಳಕಂಡವುಗಳನ್ನು ಪರಿಶೀಲಿಸುತ್ತಾರೆ:

(ಅ) ರಕ್ತದ ಸಕ್ಕರೆ ಅಂಶ ಹಾಗೂ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ.
(ಆ) ಥೈರಾಯ್ಡ್ ಕೊರತೆ ಮತ್ತು ರಕ್ತಹೀನತೆ.
(ಇ) ಬಿ12 ಜೀವಸತ್ವದ ಕೊರತೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ಸೇವಿಸಿದವರಲ್ಲಿ ಈ ಕೊರತೆ ಉಂಟಾಗಬಹುದು. ಇದರಿಂದ ಸುಸ್ತು, ಕೈಕಾಲು ಜೋಮು ಮತ್ತು ಮಂಕುತನ ಬರುತ್ತದೆ.
(ಈ) ಸಕ್ಕರೆ ಅಂಶ ಏಕಾಏಕಿ ಇಳಿಯುವುದು. ಇದರಿಂದ ಬೆವರು, ನಡುಕ, ಎದೆಬಡಿತ, ಗಾಬರಿ ಉಂಟಾಗುವುದರಿಂದ ಇದನ್ನು ಮಾನಸಿಕ ಆತಂಕವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಇಂತಹ ಸಂದರ್ಭದಲ್ಲಿ ಎಚ್ಚರವಿದ್ದವರಿಗೆ ಕೂಡಲೇ ಸಕ್ಕರೆ ಅಥವಾ ಸಕ್ಕರೆ ನೀರು ನೀಡತಕ್ಕದ್ದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ದೇಹದ ಲಕ್ಷಣಗಳು ಗೊಂದಲ ಮೂಡಿಸಿದರೂ, ಆಸಕ್ತಿ ಕುಂದುವುದು, ತಾನು ನಿಷ್ಪ್ರಯೋಜಕ ಎಂಬ ಭಾವನೆ ಮತ್ತು ಬದುಕು ಬೇಡವೆನಿಸುವುದು ಇವು ಸಕ್ಕರೆ ಏರಿಳಿತದಿಂದ ಮಾತ್ರ ಬರುವ ಲಕ್ಷಣಗಳಲ್ಲ. ಇವು ಇದ್ದಲ್ಲಿ ಖಿನ್ನತೆಯ ತಪಾಸಣೆ ಅಗತ್ಯ.

ಇದಲ್ಲದೆ, ಮಧುಮೇಹವನ್ನು ನಿಭಾಯಿಸುವ ಕೆಲಸವೇ ಬೇಸರ ತರಿಸಿ, ಸೂಜಿ, ಪಥ್ಯ, ಪರೀಕ್ಷೆಗಳೆಂದರೆ ಸಾಕಪ್ಪಾ ಎನಿಸುವ ಸ್ಥಿತಿಯೊಂದಿದೆ. ಇದನ್ನು ವೈದ್ಯರು ಮಧುಮೇಹದ ಒತ್ತಡ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಈ ಸ್ಥಿತಿಯಲ್ಲಿ ಬದುಕಿನ ಇತರೆ ವಿಷಯಗಳಲ್ಲಿ ಆಸಕ್ತಿ ಉಳಿದಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಖಿನ್ನತೆಯ ಮಾತ್ರೆ ಬೇಕಾಗುವುದಿಲ್ಲ. ಚಿಕಿತ್ಸಾ ಕ್ರಮವನ್ನು ಸರಳಗೊಳಿಸುವುದು, ಆಪ್ತಸಮಾಲೋಚನೆ ಮತ್ತು ಮನೆಯವರ ಬೆಂಬಲ ಸಾಕಾಗಬಹುದು. ಎರಡೂ ಒಟ್ಟಿಗೆ ಇರುವ ಸಾಧ್ಯತೆಯೂ ಇರುವುದರಿಂದ ತೀರ್ಮಾನವನ್ನು ವೈದ್ಯರಿಗೆ ಬಿಡುವುದು ಸೂಕ್ತ.

5. ತಪಾಸಣೆ ನಡೆಸುವ ವಿಧಾನ

ಖಿನ್ನತೆಯನ್ನು ಪತ್ತೆಹಚ್ಚಲು ರಕ್ತಪರೀಕ್ಷೆ ಅಥವಾ ಸ್ಕ್ಯಾನಿಂಗ್ ಇರುವುದಿಲ್ಲ. ವೈದ್ಯರು ಅಥವಾ ಆಪ್ತಸಮಾಲೋಚಕರು ಪ್ರಶ್ನೆಗಳನ್ನು ಕೇಳಿ ತಿಳಿದುಕೊಳ್ಳುತ್ತಾರೆ. ವ್ಯಾಪಕವಾಗಿ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಕಳೆದ ಎರಡು ವಾರಗಳಿಗೆ ಸಂಬಂಧಿಸಿದ 9 ಪ್ರಶ್ನೆಗಳಿರುತ್ತವೆ. ಪ್ರತಿಯೊಂದು ಪ್ರಶ್ನೆಗೆ 0ಯಿಂದ 3ರವರೆಗೆ ಅಂಕವಿದ್ದು, ಒಟ್ಟು ಅಂಕ 27 ಆಗಿರುತ್ತದೆ.

5ರಿಂದ 9: ಸೌಮ್ಯ ಪ್ರಮಾಣ
10ರಿಂದ 14: ಮಧ್ಯಮ ಪ್ರಮಾಣ
15ರಿಂದ 19: ಮಧ್ಯಮಕ್ಕಿಂತ ಹೆಚ್ಚಿನ ಪ್ರಮಾಣ
20 ಮತ್ತು ಹೆಚ್ಚು: ತೀವ್ರ ಪ್ರಮಾಣ

ಸಾಮಾನ್ಯವಾಗಿ 10 ಅಥವಾ ಹೆಚ್ಚು ಅಂಕ ಬಂದವರನ್ನು ವೈದ್ಯರು ವಿವರವಾಗಿ ಪರೀಕ್ಷಿಸುತ್ತಾರೆ. ಅಂಕವು ಸೂಚನೆಯೇ ಹೊರತು ಅಂತಿಮ ತೀರ್ಮಾನವಲ್ಲ. ಪ್ರಶ್ನೆಗಳಿಗೆ ಸರಿ ಅಥವಾ ತಪ್ಪು ಉತ್ತರ ಎಂಬುದಿಲ್ಲವಾದ್ದರಿಂದ ಸಂಕೋಚವಿಲ್ಲದೆ ಇದ್ದುದನ್ನು ಇದ್ದಂತೆ ತಿಳಿಸತಕ್ಕದ್ದು. ನಗರದಲ್ಲಿ ಕನ್ನಡದೊಂದಿಗೆ ತೆಲುಗು ಮತ್ತು ಉರ್ದು ಮನೆಮಾತಿನವರೂ ಗಣನೀಯವಾಗಿ ಇರುವುದರಿಂದ, ಮನಸ್ಸಿನ ವಿಷಯವನ್ನು ತಮಗೆ ಸುಲಭವಾದ ಭಾಷೆಯಲ್ಲಿ ಹೇಳಿಕೊಳ್ಳಲು ಕೋರಬಹುದಾಗಿದೆ. ಅನೇಕರು ಖಿನ್ನತೆ ಎಂಬ ಪದವನ್ನು ಬಳಸದೆ ತಲೆಭಾರ, ಎದೆಭಾರ, ಕೈಕಾಲು ಸೆಳೆತ, ನಿಶ್ಶಕ್ತಿ ಎಂದೇ ಹೇಳುತ್ತಾರೆ. ಅಂತಹವರು ಅದರ ಜೊತೆಗೆ ಮನಸ್ಸಿನ ಸ್ಥಿತಿಯನ್ನೂ ತಿಳಿಸಿದಲ್ಲಿ ಚಿಕಿತ್ಸೆ ಸುಲಭವಾಗುತ್ತದೆ.

ಮಧುಮೇಹ ಮೊದಲು ಪತ್ತೆಯಾದಾಗ, ಇನ್ಸುಲಿನ್ ಆರಂಭಿಸಿದಾಗ, ಕಣ್ಣು, ಪಾದ ಅಥವಾ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡಾಗ ಹಾಗೂ ವರ್ಷಕ್ಕೊಮ್ಮೆ ಈ ತಪಾಸಣೆ ಮಾಡಿಸಿಕೊಳ್ಳುವುದು ಉತ್ತಮ.

6. ಚಿಕಿತ್ಸೆ

6.1 ಆಪ್ತಸಮಾಲೋಚನೆ: ಸೌಮ್ಯ ಪ್ರಮಾಣದ ಖಿನ್ನತೆಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ತಪ್ಪು ಆಲೋಚನೆಗಳನ್ನು ಗುರುತಿಸಿ ತಿದ್ದಿಕೊಳ್ಳುವುದು, ದಿನಕ್ಕೊಂದು ಸಣ್ಣ ಕೆಲಸದಿಂದ ಆರಂಭಿಸಿ ನಿತ್ಯಕ್ರಮಕ್ಕೆ ಮರಳುವುದು, ಎದುರಾದ ಸಮಸ್ಯೆಯನ್ನು ಭಾಗಗಳಾಗಿ ಬಿಡಿಸಿಕೊಳ್ಳುವುದು ಇದರಲ್ಲಿ ಸೇರಿರುತ್ತದೆ.

6.2 ಔಷಧಿ: ಮಧ್ಯಮ ಮತ್ತು ತೀವ್ರ ಪ್ರಮಾಣದ ಖಿನ್ನತೆಗೆ ಮಾತ್ರೆಗಳು ಬೇಕಾಗಬಹುದು. ಈ ಬಗ್ಗೆ ಗಮನಿಸತಕ್ಕ ಅಂಶಗಳು:

(ಅ) ಮಾತ್ರೆಯ ಪರಿಣಾಮ ತಿಳಿಯಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕಾಗುತ್ತದೆ. ಮೊದಲ ವಾರದಲ್ಲಿಯೇ ಉಪಯೋಗವಿಲ್ಲವೆಂದು ಬಿಡಬಾರದು.
(ಆ) ಗುಣವಾದ ನಂತರವೂ ವೈದ್ಯರು ಸೂಚಿಸಿದಷ್ಟು ತಿಂಗಳು ಮುಂದುವರಿಸಬೇಕು. ಸಾಮಾನ್ಯವಾಗಿ ಇದು 6 ತಿಂಗಳು ಅಥವಾ ಹೆಚ್ಚು. ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು.
(ಇ) ಕೆಲವು ಮಾತ್ರೆಗಳು ತೂಕ ಮತ್ತು ಸಕ್ಕರೆ ಅಂಶವನ್ನು ಹೆಚ್ಚಿಸಬಹುದು. ಕೆಲವು ಸಕ್ಕರೆ ಅಂಶವನ್ನು ಇಳಿಸಬಹುದು. ಆದುದರಿಂದ ಮನೋವೈದ್ಯರಿಗೆ ಮಧುಮೇಹದ ಔಷಧಿಗಳ ವಿವರವನ್ನೂ, ಮಧುಮೇಹದ ವೈದ್ಯರಿಗೆ ಮನೋವೈದ್ಯರ ಔಷಧಿಗಳ ವಿವರವನ್ನೂ ಕಡ್ಡಾಯವಾಗಿ ತೋರಿಸಬೇಕು. ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ಸಕ್ಕರೆ ಪರೀಕ್ಷೆಯನ್ನು ಹೆಚ್ಚು ಬಾರಿ ಮಾಡಿಸುವುದು ಸೂಕ್ತ.
(ಈ) ಖಿನ್ನತೆಗೆ ನೀಡುವ ಕೆಲವು ಔಷಧಿಗಳು ಮಧುಮೇಹದಿಂದಾದ ಪಾದದ ಉರಿ ಮತ್ತು ನರನೋವನ್ನು ಸಹ ಕಡಿಮೆ ಮಾಡುತ್ತವೆ. ನೋವಿಗಾಗಿ ಇಂತಹ ಮಾತ್ರೆ ಬರೆದುಕೊಟ್ಟಲ್ಲಿ ಗಾಬರಿಪಡಬೇಕಾಗಿಲ್ಲ.

6.3 ಜೀವನಕ್ರಮ: ನಡಿಗೆಯು ಸಕ್ಕರೆ ಅಂಶ ಮತ್ತು ಮನಸ್ಸು ಎರಡಕ್ಕೂ ಒಳ್ಳೆಯದು. ಬಳ್ಳಾರಿಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಬಿಸಿಲೇರುವ ಮುನ್ನ ಅಥವಾ ಸಂಜೆ ನಡೆಯುವುದು ಸೂಕ್ತ. ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆ ಇರುವವರು ಬರಿಗಾಲಿನಲ್ಲಿ ನಡೆಯಬಾರದು. ಮನೆಯಲ್ಲಿ ಫ್ರಿಜ್ ಇಲ್ಲದವರು ಇನ್ಸುಲಿನ್ ಸೀಸೆಯನ್ನು ನೀರು ತಾಗದಂತೆ ಮುಚ್ಚಿ, ತಣ್ಣಗಿರುವ ಮಣ್ಣಿನ ಮಡಕೆಯಲ್ಲಿ ನೆರಳಿನಲ್ಲಿ ಇಡುವ ಬಗ್ಗೆ ಆರೋಗ್ಯ ಸಿಬ್ಬಂದಿಯಿಂದ ತಿಳಿಯಬಹುದು. ಬಿಸಿಲಿನಿಂದ ಕೆಟ್ಟ ಇನ್ಸುಲಿನ್ ಕೆಲಸ ಮಾಡುವುದಿಲ್ಲ. ಪಥ್ಯ ಮಾಡಿದರೂ ಸಕ್ಕರೆ ಇಳಿಯದಿದ್ದಾಗ ರೋಗಿಯು ವೃಥಾ ಎದೆಗುಂದುತ್ತಾನೆ.

ರಂಜಾನ್ ಉಪವಾಸ, ಏಕಾದಶಿ ಅಥವಾ ಇತರೆ ವ್ರತಗಳನ್ನು ಆಚರಿಸುವವರು ಮುಂಚಿತವಾಗಿ ವೈದ್ಯರನ್ನು ಕಂಡು ಔಷಧಿಯ ವೇಳೆ ಮತ್ತು ಪ್ರಮಾಣವನ್ನು ಬದಲಿಸಿಕೊಳ್ಳತಕ್ಕದ್ದು. ಉಪವಾಸ ಮಾಡಲಾಗದಿರುವುದು ಕೆಲವರಲ್ಲಿ ತಪ್ಪಿತಸ್ಥ ಭಾವನೆಗೆ ಕಾರಣವಾಗುತ್ತದೆ. ಇದನ್ನು ಸಹ ವೈದ್ಯರಲ್ಲಿ ಹಾಗೂ ತಾವು ನಂಬುವ ಹಿರಿಯರಲ್ಲಿ ಮಾತನಾಡಿ ಬಗೆಹರಿಸಿಕೊಳ್ಳಬಹುದಾಗಿದೆ.

6.4 ಎರಡೂ ಕಾಯಿಲೆಗಳಿಗೆ ಒಟ್ಟಿಗೆ ಚಿಕಿತ್ಸೆ: ಬೆಂಗಳೂರು, ಚೆನ್ನೈ, ದೆಹಲಿ ಮತ್ತು ವಿಶಾಖಪಟ್ಟಣದ ನಾಲ್ಕು ಚಿಕಿತ್ಸಾ ಕೇಂದ್ರಗಳಲ್ಲಿ, ಮಧುಮೇಹ ಮತ್ತು ಖಿನ್ನತೆ ಎರಡೂ ಇದ್ದ 404 ಜನರ ಮೇಲೆ ನಡೆದ ಅಧ್ಯಯನವು 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ನೀಡಲಾಯಿತು. ಇನ್ನೊಂದು ಗುಂಪಿನಲ್ಲಿ ಪ್ರತಿ ರೋಗಿಯನ್ನು ನಿಯಮಿತವಾಗಿ ವಿಚಾರಿಸಿಕೊಳ್ಳುವ ಆರೈಕೆ ಸಂಯೋಜಕರಿದ್ದು, ಮಧುಮೇಹ ತಜ್ಞರು ಮತ್ತು ಮನೋವೈದ್ಯರು ಒಟ್ಟಾಗಿ ಪ್ರಕರಣಗಳನ್ನು ಪರಿಶೀಲಿಸುತ್ತಿದ್ದರು. ಎರಡು ವರ್ಷಗಳ ನಂತರ ಖಿನ್ನತೆಯೂ ಅರ್ಧದಷ್ಟು ಇಳಿದು, ಸಕ್ಕರೆ, ರಕ್ತದೊತ್ತಡ ಅಥವಾ ಕೊಲೆಸ್ಟರಾಲ್ ಪೈಕಿ ಒಂದಾದರೂ ಗಣನೀಯವಾಗಿ ಸುಧಾರಿಸಿದವರು ಎರಡನೇ ಗುಂಪಿನಲ್ಲಿ ಶೇ. 71.6ರಷ್ಟಿದ್ದರೆ, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 57.4ರಷ್ಟಿದ್ದರು. ವಿಚಾರಿಸಿಕೊಳ್ಳುವವರು ಒಬ್ಬರಿದ್ದರೆ ಚಿಕಿತ್ಸೆ ಹೆಚ್ಚು ಫಲ ನೀಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

7. ಬಳ್ಳಾರಿ ಮಾದರಿ: ಸಂಕ್ಷಿಪ್ತ ಹಿನ್ನೆಲೆ

ಮಾನಸಿಕ ಆರೋಗ್ಯ ಸೇವೆಯನ್ನು ಜನರ ಬಳಿಗೆ ಕೊಂಡೊಯ್ಯುವಲ್ಲಿ ಬಳ್ಳಾರಿ ಜಿಲ್ಲೆಗೆ ವಿಶೇಷ ಸ್ಥಾನವಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಜಾರಿಗೆ ಬಂದಾಗ, ದೊಡ್ಡ ನಗರಗಳ ಆಸ್ಪತ್ರೆಗಳ ಹೊರಗೆ ಮನೋವೈದ್ಯರು ವಿರಳವಾಗಿದ್ದರು. ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಪಡೆದ ಅನುಭವದ ಆಧಾರದ ಮೇಲೆ, ರಾಜ್ಯದ ಆರೋಗ್ಯ ಇಲಾಖೆಯ ಸಹಯೋಗದಲ್ಲಿ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಪ್ರಾಯೋಗಿಕ ಕಾರ್ಯಕ್ರಮ ಆರಂಭಿಸಿತು. 1981ರ ಜನಗಣತಿಯಂತೆ ಆಗ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ ಇತ್ತು.

ಕಾರ್ಯಕ್ರಮದ ಮುಖ್ಯ ಅಂಶಗಳು ಸರಳವಾಗಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಹಾಗೂ ಮೂರ್ಛೆರೋಗವನ್ನು ಗುರುತಿಸುವ ತರಬೇತಿ, ಕೇಂದ್ರದಲ್ಲಿಯೇ ಕೆಲವೇ ಅತ್ಯವಶ್ಯಕ ಔಷಧಿಗಳ ಲಭ್ಯತೆ, ಸರಳವಾದ ದಾಖಲೆ ಪುಸ್ತಕ, ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ತಂಡ ಮತ್ತು ಅದರ ಮೇಲ್ವಿಚಾರಣೆ. ತರಬೇತಿ ಪಡೆದ ಸಾಮಾನ್ಯ ವೈದ್ಯರೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನೀಡಬಲ್ಲರು ಎಂಬುದು ಇಲ್ಲಿ ಕಂಡುಬಂದಿತು. ಬಳ್ಳಾರಿ ಮಾದರಿ ಎಂದೇ ಹೆಸರಾದ ಈ ಕ್ರಮದ ಆಧಾರದ ಮೇಲೆ 1996-97ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ಇತರೆ ಜಿಲ್ಲೆಗಳಲ್ಲಿ ಆರಂಭಿಸಿತು.

2021ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕಗೊಂಡ ನಂತರ, ಬಳ್ಳಾರಿ ಜಿಲ್ಲೆಯು ಬಳ್ಳಾರಿ, ಸಿರುಗುಪ್ಪ, ಸಂಡೂರು, ಕುರುಗೋಡು ಮತ್ತು ಕಂಪ್ಲಿ ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ.

8. ಸೇವೆ ಪಡೆಯುವ ವಿಧಾನ

8.1 ಮೊದಲ ಹಂತ: ಮಧುಮೇಹವುಳ್ಳವರು ತಮ್ಮ ವ್ಯಾಪ್ತಿಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಅಥವಾ ಗ್ರಾಮಗಳಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಭೇಟಿ ನೀಡಬಹುದಾಗಿದೆ. 30 ವರ್ಷ ಮೇಲ್ಪಟ್ಟವರಿಗೆ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ಉಚಿತವಾಗಿರುತ್ತದೆ. ತಪಾಸಣೆಯ ವೇಳೆ ಮನಸ್ಸಿನ ಸ್ಥಿತಿಯನ್ನೂ ತಿಳಿಸಿ, ಖಿನ್ನತೆಯ ತಪಾಸಣೆಯನ್ನು ಕೋರಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗಲೂ ವಿಷಯ ತಿಳಿಸಬಹುದಾಗಿದೆ.

8.2 ಎರಡನೇ ಹಂತ: ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯಗಳು (ಎನ್‌ಸಿಡಿ ಕ್ಲಿನಿಕ್) ಕಾರ್ಯನಿರ್ವಹಿಸುತ್ತವೆ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ರೋಗಿಗಳನ್ನು ಪರೀಕ್ಷಿಸುವ ವ್ಯವಸ್ಥೆ ರೂಪಿಸಲಾಗಿದೆ. ಸಿರುಗುಪ್ಪ ಮತ್ತು ಕುರುಗೋಡಿನವರು ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ಭೇಟಿಯ ದಿನಾಂಕವನ್ನು ಮುಂಚಿತವಾಗಿ ವಿಚಾರಿಸಿಕೊಂಡು ಬರುವುದು ಸೂಕ್ತ. ಇದರಿಂದ ಒಂದು ದಿನದ ಕೂಲಿ ಮತ್ತು ಬಸ್ ಖರ್ಚು ಉಳಿಯುತ್ತದೆ.

8.3 ಮೂರನೇ ಹಂತ: ಬಳ್ಳಾರಿಯ ಜಿಲ್ಲಾ ಆಸ್ಪತ್ರೆ ಹಾಗೂ ಸಾರ್ವಜನಿಕರು ವಿಮ್ಸ್ ಎಂಬ ಹೆಸರಿನಿಂದ ಬಲ್ಲ, 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತಜ್ಞರ ಸೇವೆ ಪಡೆಯಬಹುದಾಗಿದೆ. ತೀವ್ರ ಸ್ವರೂಪದ ಪ್ರಕರಣಗಳನ್ನು ಕೆಳಹಂತದ ಆಸ್ಪತ್ರೆಗಳಿಂದ ಇಲ್ಲಿಗೆ ಕಳುಹಿಸಿಕೊಡಲಾಗುತ್ತದೆ.

8.4 ದೂರವಾಣಿ ಸೇವೆ: 10ನೇ ಅಕ್ಟೋಬರ್ 2022ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಅಥವಾ 1800-891-4416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದಾಗಿದೆ.

8.5 ಜೊತೆಯಲ್ಲಿ ತರಬೇಕಾದವು:

(ಅ) ಆಧಾರ್ ಅಥವಾ ಇತರೆ ಗುರುತಿನ ಚೀಟಿ, ಪಡಿತರ ಚೀಟಿ.
(ಆ) ಹಿಂದಿನ ಹೊರರೋಗಿ ಚೀಟಿ ಮತ್ತು ರಕ್ತಪರೀಕ್ಷೆಯ ವರದಿಗಳು.
(ಇ) ಸೇವಿಸುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ಅಥವಾ ಖಾಲಿ ಹಾಳೆಗಳು. ನಾಟಿ ಔಷಧಿ ಸೇವಿಸುತ್ತಿದ್ದಲ್ಲಿ ಅದರ ವಿವರ.
(ಈ) ಸಾಧ್ಯವಿದ್ದಲ್ಲಿ ರೋಗಿಯನ್ನು ಹತ್ತಿರದಿಂದ ಬಲ್ಲ ಮನೆಯವರೊಬ್ಬರು.

ದಾಖಲೆಗಳಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಗೆ ಬರುವುದನ್ನು ಮುಂದೂಡಬಾರದು.

9. ಕುಟುಂಬದವರ ಪಾತ್ರ

ಮನೆಯವರು ಒಳ್ಳೆಯ ಉದ್ದೇಶದಿಂದಲೇ ಆಡುವ ಮಾತುಗಳು ಕೆಲವೊಮ್ಮೆ ರೋಗಿಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಬಾಯಿ ಕಟ್ಟದಿದ್ದುದಕ್ಕೇ ಹೀಗಾಯಿತು, ನಿನಗೇನು ಕಡಿಮೆಯಾಗಿದೆ, ಧೈರ್ಯ ತಂದುಕೋ ಎಂಬ ಮಾತುಗಳಿಂದ ಖಿನ್ನತೆ ಗುಣವಾಗುವುದಿಲ್ಲ. ಅದರ ಬದಲು ಕೆಳಕಂಡಂತೆ ನಡೆದುಕೊಳ್ಳಬಹುದಾಗಿದೆ:

(ಅ) ಉಪದೇಶಕ್ಕಿಂತ ಮೊದಲು ಕೇಳಿಸಿಕೊಳ್ಳುವುದು.
(ಆ) ರೋಗಿಗೆ ಪ್ರತ್ಯೇಕ ಅಡುಗೆ ಮಾಡಿ ಬೇರೆ ಕೂರಿಸುವ ಬದಲು, ಜೋಳದ ರೊಟ್ಟಿ, ಬೇಳೆ, ಸೊಪ್ಪು, ಮಿತವಾದ ಅನ್ನ ಇರುವ ಊಟವನ್ನೇ ಮನೆಮಂದಿಯೆಲ್ಲ ಮಾಡುವುದು.
(ಇ) ಮರುಭೇಟಿಯ ದಿನ ಜೊತೆಯಲ್ಲಿ ಹೋಗುವುದು.
(ಈ) ಒಂದು ದಿನ ಸಕ್ಕರೆ ಅಂಶ ಹೆಚ್ಚು ಬಂದಲ್ಲಿ ಗದರಿಸದಿರುವುದು.
(ಉ) ಬದುಕು ಬೇಡವೆಂದು ರೋಗಿ ಹೇಳಿದಲ್ಲಿ ಅದನ್ನು ಹಗುರವಾಗಿ ಪರಿಗಣಿಸದಿರುವುದು. ಈ ಬಗ್ಗೆ ನೇರವಾಗಿ, ಸಮಾಧಾನದಿಂದ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಬದಲಾಗಿ ರೋಗಿಯ ಮನಸ್ಸು ಹಗುರವಾಗುತ್ತದೆ. ಅಂತಹ ಸಮಯದಲ್ಲಿ ಇನ್ಸುಲಿನ್ ಸೇರಿದಂತೆ ಎಲ್ಲಾ ಔಷಧಿಗಳನ್ನು ಮನೆಯವರು ತಮ್ಮ ವಶದಲ್ಲಿಟ್ಟುಕೊಂಡು ವೇಳೆಗೆ ಸರಿಯಾಗಿ ನೀಡತಕ್ಕದ್ದು.

ಮನೆಯ ಮಹಿಳೆಯರಿಗೇ ಮಧುಮೇಹವಿದ್ದಾಗ, ಎಲ್ಲರ ಊಟ ಮುಗಿದ ಮೇಲೆ ತಾವು ಉಣ್ಣುವುದು, ತಮ್ಮ ಆಸ್ಪತ್ರೆ ಭೇಟಿಯನ್ನು ಮುಂದೂಡುವುದು ಸಾಮಾನ್ಯ. ಅವರ ಔಷಧಿಯ ವೇಳೆಯನ್ನು ಮನೆಯ ಇತರೆ ಸದಸ್ಯರು ನೆನಪಿಟ್ಟುಕೊಳ್ಳುವುದು ಅಗತ್ಯ.

10. ಕಾನೂನಿನನ್ವಯ ಇರುವ ಹಕ್ಕುಗಳು

ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರನ್ವಯ ನಾಗರಿಕರಿಗೆ ಈ ಕೆಳಕಂಡ ಹಕ್ಕುಗಳಿವೆ:

(ಅ) ಪ್ರಕರಣ 18ರಂತೆ, ಸರ್ಕಾರದಿಂದ ನಡೆಯುವ ಅಥವಾ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರು ಕಾರ್ಡ್ ಹೊಂದಿರಲಿ, ಇಲ್ಲದಿರಲಿ ಉಚಿತ ಚಿಕಿತ್ಸೆಗೆ ಅರ್ಹರಾಗಿರುತ್ತಾರೆ.
(ಆ) ಪ್ರಕರಣ 21ರಂತೆ, ವಿಮಾ ಸಂಸ್ಥೆಗಳು ದೈಹಿಕ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮೆಯ ಅವಕಾಶ ಕಲ್ಪಿಸತಕ್ಕದ್ದು.
(ಇ) ಪ್ರಕರಣ 23ರಂತೆ, ರೋಗಿಯ ಮಾಹಿತಿಯನ್ನು ಗೌಪ್ಯವಾಗಿಡತಕ್ಕದ್ದು.
(ಈ) ಪ್ರಕರಣ 115ರಂತೆ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು. ಆದ್ದರಿಂದ ಕೇಸು ಆಗುವುದೆಂಬ ಭಯದಿಂದ ಆಸ್ಪತ್ರೆಗೆ ಸೇರಿಸಲು ಹಿಂಜರಿಯಬಾರದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಮಾನಸಿಕ ಅಸ್ವಸ್ಥತೆಯು 21 ಬಗೆಯ ಅಂಗವಿಕಲತೆಗಳ ಪೈಕಿ ಒಂದಾಗಿರುತ್ತದೆ. ದೀರ್ಘಕಾಲದ ಕಾಯಿಲೆಯಿಂದ ಶೇ. 40 ಅಥವಾ ಹೆಚ್ಚಿನ ಅಸಮರ್ಥತೆ ಇದೆಯೆಂದು ವೈದ್ಯಕೀಯ ಪ್ರಾಧಿಕಾರವು ಪ್ರಮಾಣೀಕರಿಸಿದಲ್ಲಿ ಮಾತ್ರ, ಅದಕ್ಕಾಗಿ ನಿಗದಿಪಡಿಸಿದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದಾಗಿದೆ. ಮಧುಮೇಹವು ಸ್ವತಃ ಈ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಅದರಿಂದಾದ ದೃಷ್ಟಿಹೀನತೆ ಅಥವಾ ಅಂಗಚ್ಛೇದನಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಲು ಅವಕಾಶವಿದೆ.

11. ತುರ್ತು ಸಂದರ್ಭದಲ್ಲಿ

ರೋಗಿಯು ಬದುಕು ಬೇಡವೆಂದು ಹೇಳಿದಲ್ಲಿ, ಊಟ ಮತ್ತು ಔಷಧಿಯನ್ನು ಸಂಪೂರ್ಣ ತ್ಯಜಿಸಿದಲ್ಲಿ, ಅಥವಾ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡಿರುವ ಶಂಕೆ ಇದ್ದಲ್ಲಿ:

(ಅ) ರೋಗಿಯನ್ನು ಒಂಟಿಯಾಗಿ ಬಿಡಬಾರದು.
(ಆ) 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.
(ಇ) ಮಧುಮೇಹವಿರುವುದನ್ನು ಮತ್ತು ಸೇವಿಸುತ್ತಿರುವ ಔಷಧಿಗಳನ್ನು ವೈದ್ಯರಿಗೆ ಕಡ್ಡಾಯವಾಗಿ ತಿಳಿಸಬೇಕು.
(ಈ) ಮಾತನಾಡಿ ಸಲಹೆ ಪಡೆಯಲು 14416ಕ್ಕೆ ಕರೆ ಮಾಡಬಹುದಾಗಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಕ್ಕರೆ ಅಂಶ ನಿಯಂತ್ರಣಕ್ಕೆ ಬಂದರೆ ಖಿನ್ನತೆ ತಾನಾಗಿಯೇ ಹೋಗುವುದೇ?
ಉತ್ತರ: ಕೆಲವರಲ್ಲಿ ಸುಧಾರಣೆ ಕಾಣಬಹುದು. ಆದರೆ ಖಿನ್ನತೆಗೆ ಪ್ರತ್ಯೇಕ ಚಿಕಿತ್ಸೆ ಪಡೆಯುವುದು ಅವಶ್ಯಕ. ಅದೇ ರೀತಿ ಖಿನ್ನತೆಯ ಚಿಕಿತ್ಸೆಯೊಂದರಿಂದಲೇ ಸಕ್ಕರೆ ಅಂಶ ನಿಯಂತ್ರಣಕ್ಕೆ ಬರುವುದೆಂದು ಮಧುಮೇಹದ ಔಷಧಿ ಬಿಡಬಾರದು.

ಪ್ರಶ್ನೆ: ಖಿನ್ನತೆಯ ಮಾತ್ರೆಗಳು ಚಟವಾಗುತ್ತವೆಯೇ?
ಉತ್ತರ: ಸಾಮಾನ್ಯವಾಗಿ ನೀಡುವ ಖಿನ್ನತೆ ನಿವಾರಕ ಮಾತ್ರೆಗಳು ಚಟವಾಗುವಂತಹವುಗಳಲ್ಲ. ಆದರೆ ಏಕಾಏಕಿ ನಿಲ್ಲಿಸಿದಲ್ಲಿ ತೊಂದರೆಯಾಗುವುದರಿಂದ ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು. ನಿದ್ರೆ ಮಾತ್ರೆಗಳು ಬೇರೆ ವರ್ಗಕ್ಕೆ ಸೇರಿದ್ದು, ಅವುಗಳನ್ನು ಚೀಟಿಯಿಲ್ಲದೆ ಕೊಂಡು ಸೇವಿಸಬಾರದು.

ಪ್ರಶ್ನೆ: ಮನೋವೈದ್ಯರನ್ನು ಕಂಡರೆ ನೆರೆಹೊರೆಯವರು ಹುಚ್ಚು ಎನ್ನುತ್ತಾರೆ. ಏನು ಮಾಡಬೇಕು?
ಉತ್ತರ: ಖಿನ್ನತೆಯು ಹುಚ್ಚಲ್ಲ. ಮೊದಲ ಭೇಟಿಯನ್ನು ಮಧುಮೇಹ ನೋಡುವ ವೈದ್ಯರಲ್ಲಿಯೇ ಆರಂಭಿಸಬಹುದು. ಪರೀಕ್ಷೆಯ ವಿವರಗಳು ಗೌಪ್ಯವಾಗಿರುತ್ತವೆ.

ಪ್ರಶ್ನೆ: ದರ್ಗಾ, ದೇವಸ್ಥಾನಗಳಿಗೆ ಹೋಗುವುದನ್ನು ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬೇಕಾಗಿಲ್ಲ. ಪ್ರಾರ್ಥನೆ ಮತ್ತು ಜನರ ಒಡನಾಟದಿಂದ ಮನಸ್ಸಿಗೆ ನೆಮ್ಮದಿ ದೊರೆಯುತ್ತದೆ. ಆದರೆ ಅದರ ಕಾರಣದಿಂದ ಔಷಧಿ ಮತ್ತು ಇನ್ಸುಲಿನ್ ತಪ್ಪಿಸಬಾರದು.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಚಿಕಿತ್ಸಾಲಯದ ದಿನ ಮತ್ತು ವೇಳೆಯನ್ನು ಸಂಬಂಧಪಟ್ಟ ಆಸ್ಪತ್ರೆಯ ವಿಚಾರಣಾ ವಿಭಾಗದಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.